'ಗೆ' ಎಂಬಲ್ಲಿ ಯಾರ ಹೆಸರು?

ಮೊನ್ನೆ ಒಂದು ಅರ್ಜಿ ಬರೆಯಲು ಕೂತೆ. 'ಇಂದ' ಬರೆದೆ. ಅದರ ಕೆಳಗೆ 'ಗೆ' ಬರೆದೆ. ಅಲ್ಲಿಗೆ ಪೆನ್ನು ನಿಂತಿತು.

ಅರ್ಜಿ ನನ್ನದಲ್ಲ, ಸೆಲ್ವಿಯದು. ಇಂದಿರಾನಗರದ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಕೆಳಗೆ ಹನ್ನೊಂದು ವರ್ಷದಿಂದ ಇಸ್ತ್ರಿ ಟೇಬಲ್ ಇಟ್ಟುಕೊಂಡಿದ್ದಾಳೆ. ಹಲಸೂರಿನಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಹಾಜರ್. ಯಾವ ಷರ್ಟು ಯಾವ ಫ್ಲ್ಯಾಟಿನದು ಎಂದು ಕಾಲರ್ ನೋಡಿಯೇ ಹೇಳುತ್ತಾಳೆ. (ನನ್ನ ಕಾಲರ್ ಬಗ್ಗೆ ಆಕೆಯ ಅಭಿಪ್ರಾಯ ಇಲ್ಲಿ ಬೇಡ.) ಆಕೆಯ ಮನೆ ನಡೆಯುವುದು ಆ ಟೇಬಲ್ ಮೇಲೆ.

ಆಕೆಗೆ ನೋಟಿಸ್ ಬಂದಿತ್ತು. ಕಾಮನ್ ಏರಿಯಾದಲ್ಲಿ ಹೊರಗಿನವರು ಕೆಲಸ ಮಾಡುವಂತಿಲ್ಲ. ಶನಿವಾರದೊಳಗೆ ಖಾಲಿ ಮಾಡಬೇಕು. ಆಕ್ಷೇಪಣೆ ಇದ್ದರೆ ಅಪೀಲು ಕಮಿಟಿಗೆ ಬರೆದುಕೊಡಬೇಕು.

"ಸಾರ್, ನೀವು ಪೇಪರ್‌ಗೆಲ್ಲ ಬರೀತೀರಲ್ಲ, ನಂಗೊಂದು ಲೆಟರ್ ಬರ್ಕೊಡಿ" ಎಂದಳು.

ನೋಟಿಸಿನ ಕೆಳಗಿದ್ದ ಸಹಿ ನಮ್ಮ ಅಸೋಸಿಯೇಷನ್ ಅಧ್ಯಕ್ಷ ನಾಗಭೂಷಣ್ ಅವರದು. ರೂಲು ಮಾಡಿದ್ದು ರೂಲ್ಸ್ ಕಮಿಟಿ. ಅದರ ಮುಖ್ಯಸ್ಥರೂ ನಾಗಭೂಷಣ್. ಇನ್ನು ಅಪೀಲು ಕೇಳುವವರು? ನೀವು ಊಹಿಸಿದ್ದು ಸರಿ.

ಬೇರೆ ದಾರಿ ಇರಲಿಲ್ಲ. 'ಗೆ' ಎಂಬಲ್ಲಿ ಅವರ ಹೆಸರನ್ನೇ ಬರೆದುಕೊಟ್ಟೆ.

ಸಂಜೆ ಸೆಲ್ವಿ ವಾಪಸ್ ಬಂದಳು. "ಅದೇ ಕುರ್ಚಿ, ಅದೇ ನಾಗಭೂಷಣ್ ಸಾರ್. ಕನ್ನಡಕ ಮಾತ್ರ ಚೇಂಜ್ ಮಾಡಿದ್ರು. ನೋಟಿಸ್ ಓದಿ, 'ಇದು ಕರೆಕ್ಟಾಗೇ ಇದೆಯಲ್ಲಮ್ಮಾ' ಅಂದ್ರು."

ನನಗೆ ಸಿಟ್ಟು ಬಂತು. ನೇರ ಅವರ ಮನೆಗೇ ಹೋದೆ. ನಾಗಭೂಷಣ್ ಕಾಫಿ ಕೊಟ್ಟರು. ಆಮೇಲೆ ಮೀಟಿಂಗಿನ ಹಳೇ ಪುಸ್ತಕ ತೆಗೆದು ಒಂದು ಪುಟ ತೋರಿಸಿದರು. "ಎಲ್ಲಾ ಒಬ್ರೇ ನೋಡ್ಕೊಳ್ಳಲಿ ಅಂತ ಪ್ರಪೋಸ್ ಮಾಡಿದ್ದು ಯಾರು ಸ್ವಾಮಿ?"

ಅಲ್ಲಿದ್ದದ್ದು ನನ್ನ ಹೆಸರು.

ನೆನಪಾಯಿತು. ಎರಡು ವರ್ಷದ ಹಿಂದೆ, ಟೆರೇಸಿನ ಮೇಲೆ. ಚರ್ಚೆ ಮುಗಿಯುತ್ತಲೇ ಇರಲಿಲ್ಲ, ಸಮೋಸಾ ತಣ್ಣಗಾಗುತ್ತಿತ್ತು. "ಒಂದು ಸಹಿಗೆ ಮೂರು ಮನೆ ಸುತ್ತೋದ್ಯಾಕ್ರೀ? ಒಬ್ರೇ ಇದ್ರೆ ಕೆಲ್ಸ ಬೇಗ ಆಗುತ್ತೆ" ಎಂದಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಕೆಲಸ ಬೇಗ ಆಗಿದ್ದೂ ನಿಜ. ತಿಂಗಳುಗಟ್ಟಲೆ ಕೆಟ್ಟು ನಿಂತಿದ್ದ ಲಿಫ್ಟು ಮೂರೇ ದಿನದಲ್ಲಿ ಓಡಿತು. ನಾಗಭೂಷಣ್ ಕೆಟ್ಟವರಲ್ಲ, ಶುದ್ಧಹಸ್ತರು, ಬೆಳಿಗ್ಗೆ ಆರಕ್ಕೇ ನೀರಿನ ಟ್ಯಾಂಕು ನೋಡಲು ಹೋಗುವವರು. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ. ಹೈಸ್ಕೂಲಿನಲ್ಲಿ ಐದು ಅಂಕಕ್ಕೆ ಬಾಯಿಪಾಠ ಮಾಡಿದ್ದೆ. ಮೂರನ್ನೂ ಯಾಕೆ ಬೇರೆ ಬೇರೆ ಇಟ್ಟಿದ್ದಾರೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮಂಥ ದೇಶಕ್ಕೆ ಯಾವಾಗಲೂ ಅವಸರ. ರಸ್ತೆ ಬೇಕು, ನೀರು ಬೇಕು, ಮೆಟ್ರೋ ನಾಳೆಯೇ ಬೇಕು. ಕೋರ್ಟು ತಡ ಮಾಡುತ್ತದೆ, ಸದನದಲ್ಲಿ ಬರೀ ಗಲಾಟೆ, ಒಬ್ಬ ಗಟ್ಟಿ ಮನುಷ್ಯ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ಆಟೋದಲ್ಲಿ, ಸಲೂನಿನಲ್ಲಿ ಎಷ್ಟು ಸಲ ಕೇಳಿಲ್ಲ? ನಾನೇ ಎಷ್ಟು ಸಲ ಹೇಳಿಲ್ಲ?

ಲಿಫ್ಟಿನಲ್ಲಿ ಓಡಾಡುವವನಿಗೆ ಇದು ತೊಂದರೆ ಅನ್ನಿಸುವುದಿಲ್ಲ. ಮೆಟ್ಟಿಲ ಕೆಳಗೆ ನಿಂತವಳಿಗೆ ಅನ್ನಿಸುತ್ತದೆ. ಸೆಲ್ವಿ ನಿಜವಾದ ಅಪೀಲಿನಲ್ಲಿ ಸೋತಿದ್ದರೆ ನನಗಿಷ್ಟು ಸಂಕಟವಾಗುತ್ತಿರಲಿಲ್ಲ. ಬೇರೆ ಯಾರೋ ಕೂತು, ಎರಡೂ ಕಡೆ ಕೇಳಿ, ಇಲ್ಲ ಅಂದಿದ್ದರೆ ಆಕೆ ಗೊಣಗಿಕೊಂಡಾದರೂ ಒಪ್ಪುತ್ತಿದ್ದಳೇನೋ. ಆಕೆಯ ಮಾತನ್ನು ಇಲ್ಲಿ ಯಾರೂ ಕೇಳಲೇ ಇಲ್ಲ. ತಮ್ಮ ಮಾತು ಯಾರೂ ಕೇಳಲಿಲ್ಲ ಅನ್ನಿಸಿದವರು ಇನ್ನೊಂದು ಸಲ ಅರ್ಜಿ ಹಿಡಿದು ಬರುವುದಿಲ್ಲ. ದೇಶವೊಂದು ಅಲುಗಾಡಲು ಶುರುವಾಗುವುದೂ ಹೀಗೇ ಇರಬೇಕು.

ಇವತ್ತು ಶುಕ್ರವಾರ. ಸೆಲ್ವಿಯ ಟೇಬಲ್ ಇನ್ನೂ ಮೆಟ್ಟಿಲ ಕೆಳಗೇ ಇದೆ. ನಾನೇ ಕಟ್ಟಿದ ಗಂಟನ್ನು ನಾನೇ ಬಿಚ್ಚಬೇಕಲ್ಲ? ಅಪೀಲು ಕಮಿಟಿಯನ್ನು ಬೇರೆ ಮಾಡಲು ತುರ್ತು ಸಭೆ ಕರೆಯಿರಿ ಎಂದು ಅದರ ಪಕ್ಕದಲ್ಲೇ ಇನ್ನೊಂದು ಅರ್ಜಿಗೆ ಕೂತೆ. ಈ ಸಲ 'ಇಂದ' ಎಂಬಲ್ಲಿ ನನ್ನದೇ ಹೆಸರು. ಸಭೆ ಕರೆಯುವ ಅಧಿಕಾರ ಯಾರಿಗಿದೆ ಎಂದು ರೂಲ್ ಬುಕ್ ತೆಗೆದು ನೋಡಿದೆ.

ನನ್ನ ಷರ್ಟು ಮಡಿಸುತ್ತಾ ಸೆಲ್ವಿ ಕೇಳಿದಳು: "ಸಾರ್, ಈ ಸಲ 'ಗೆ'ಲಿ ಯಾರ್ ಹೆಸ್ರು ಹಾಕ್ತೀರ?"