ಎರಡು ಮೊಟ್ಟೆಯ ದಿನ

ಭದ್ರಾವತಿಯ ಓಲ್ಡ್ ಟೌನಿನ ಸರ್ಕಾರಿ ಶಾಲೆಗೆ ನಾನು ಆಗಷ್ಟೇ ವರ್ಗವಾಗಿ ಬಂದಿದ್ದೆ. ಮೂರನೇ ತರಗತಿಗೆ ಭಿನ್ನರಾಶಿ ಕಲಿಸಬೇಕಿತ್ತು. ಗೋಡೆಯ ಚಾರ್ಟಿನಲ್ಲಿ ಪಿಜ್ಜಾ ಇತ್ತು. ಅದನ್ನು ತಿಂದ ಮಗು ತರಗತಿಯಲ್ಲಿ ಒಂದೂ ಇರಲಿಲ್ಲ. ಯಾವ ಮಹಾನುಭಾವರು ಬರೆಸಿದ್ದರೋ! ಚಾರ್ಟನ್ನು ತಿರುವಿಹಾಕಿ, ಬಿಸಿಯೂಟಕ್ಕೆ ಕೊಡುವ ಬೇಯಿಸಿದ ಮೊಟ್ಟೆಯನ್ನೇ ಬೋರ್ಡಿನ ಮೇಲೆ ಬರೆದೆ. ಒಂದು ಇಡೀ ಮೊಟ್ಟೆ, ಪಕ್ಕದಲ್ಲಿ ಹಳದಿ ಕಾಣುವಂತೆ ಅರ್ಧ.

"ಇದರಲ್ಲಿ ಒಂದು ಮೊಟ್ಟೆ ಯಾವುದು?"

ಮುಂದೆ ಕುಳಿತ ಹುಡುಗಿ ಎದ್ದು ಬಂದಳು. ಅವಳ ತಾಯಿ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಾಳೆ. ಅರ್ಧದ ಮೇಲೆ ಬೆರಳಿಟ್ಟು, "ಇದು ಟೀಚರ್" ಎಂದಳು.

"ಹಾಗಾದ್ರೆ ಅದು?"

"ಅದು ಎರಡು."

ಯಾರೂ ನಗಲಿಲ್ಲ. ಹೌದು ಟೀಚರ್, ಹೌದು ಟೀಚರ್ ಎಂದು ಇಡೀ ತರಗತಿ ದನಿಗೂಡಿಸಿತು. ನನ್ನನ್ನೇ ಆಟ ಆಡಿಸುತ್ತಿವೆ ಅಂದುಕೊಂಡೆ.

ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನಿಂತಾಗ ಗೊತ್ತಾಯಿತು. ಅಡುಗೆಯಾಕೆ ದಾರ ಎಳೆದು ಮೊಟ್ಟೆಯನ್ನು ನಡುವೆ ಸೀಳುತ್ತಿದ್ದಳು. ಹೆಡ್‌ಮಾಸ್ಟರು ಸಾಲಿನ ತುದಿಯಲ್ಲಿ ನಿಂತು, "ಒಬ್ರಿಗೆ ಒಂದೇ ಮೊಟ್ಟೆ, ನೂಕ್ಬೇಡ್ರೋ" ಎಂದು ಕೂಗುತ್ತಿದ್ದರು. ತಟ್ಟೆಗೆ ಬೀಳುತ್ತಿದ್ದದ್ದು ಅರ್ಧ. ಅಂಗಡಿಯಲ್ಲಿರುವ ಮೊಟ್ಟೆಯನ್ನು ಈ ಮಕ್ಕಳು ನೋಡಿಲ್ಲವೆಂದಲ್ಲ. ಮನೆಯಲ್ಲಿ ಅದನ್ನು ಒಡೆದು, ಈರುಳ್ಳಿ ಹಾಕಿ, ಎಲ್ಲರಿಗೂ ಹಂಚುತ್ತಾರೆ. ಬೇಯಿಸಿದ ಮೊಟ್ಟೆ ಎಂದರೆ ಅವರಿಗೆ ಇಷ್ಟೇ.

"ರೇಟು ಏರಿದೆ ಮಾರಾಯ್ತಿ," ಎಂದರು ಹೆಡ್‌ಮಾಸ್ಟರು. "ಮೇಲಿಂದ ಬರೋ ದುಡ್ಡಲ್ಲಿ ಇಡೀದು ಕೊಡಕ್ಕಾಗಲ್ಲ. ನನ್ ಜೇಬಿಂದ ಹಾಕ್ಲಾ?"

"ಹಾಗಾದ್ರೆ ಅರ್ಧ ಅಂತಲೇ ಹೇಳಿ ಸಾರ್. ಮೇಲಿನವರಿಗೂ ಅರ್ಧ ಅಂತಲೇ ಬರೀರಿ. ಮಕ್ಕಳಿಗೆ ಯಾಕೆ ಒಂದು ಅಂತೀರಿ?"

"ನೀವು ಪಾಠ ನೋಡ್ಕೊಳ್ಳಿ. ಅಡುಗೆಮನೆ ನಾನು ನೋಡ್ಕೊತೀನಿ."

ಸಂಜೆ ಶಿವಮೊಗ್ಗದ ಬಸ್ಸು ಹತ್ತಿ ಅಲ್ಲಿನ ಹೊಸಮನೆ ಬಡಾವಣೆಯ ನನ್ನ ಮನೆ ಸೇರುವವರೆಗೂ ಮೈ ಉರಿಯುತ್ತಿತ್ತು. ಹೊಟ್ಟೆಗೆ ಅರ್ಧ ಕೊಟ್ಟದ್ದು ಒಂದು ಪಾಪ. ಆ ಅರ್ಧವನ್ನೇ ಒಂದು ಎಂದು ತಲೆಗೆ ತುಂಬಿದ್ದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಈ ಹುಡುಗಿ ನಾಳೆ ಕೂಲಿಗೆ ಹೋದರೂ, ಕಚೇರಿಗೆ ಹೋದರೂ, ಅರ್ಧ ಕೈಗಿಟ್ಟವರಿಗೆ ನಮಸ್ಕಾರ ಹಾಕಿ ಬರುತ್ತಾಳೆ.

ಕೆಲವು ದಿನಗಳಲ್ಲಿ ಸಾಹೇಬರೊಬ್ಬರು ತಪಾಸಣೆಗೆ ಬಂದರು. ಅವತ್ತು ದಾರ ಮಾಯ! ಎಲ್ಲರ ತಟ್ಟೆಯಲ್ಲೂ ಇಡೀ ಮೊಟ್ಟೆ. ಸಾಹೇಬರು ನನ್ನ ಹುಡುಗಿಯ ಮುಂದೆ ಬಗ್ಗಿ, "ಏನಮ್ಮಾ ಇವತ್ತು ಸ್ಪೆಷಲ್?" ಎಂದರು.

"ಎರಡು ಮೊಟ್ಟೆ ಸಾರ್!" ಅವಳ ಮುಖ ಅರಳಿತ್ತು.

ಸಾಹೇಬರು ನಕ್ಕರು. "ಏನ್ ಮೇಡಂ, ನಿಮ್ ಮಕ್ಕಳಿಗೆ ಒಂದು ಎರಡೂ ಬರಲ್ವಾ?" ಹೆಡ್‌ಮಾಸ್ಟರೂ ನಕ್ಕರು. ಆ ನಗು ಕೇಳಿ ನನಗೆ ತಡೆಯಲಾಗಲಿಲ್ಲ.

"ಚೆನ್ನಾಗಿ ಬರುತ್ತೆ ಸಾರ್. ಪ್ರತಿ ಸಲ ಇದರ ಅರ್ಧ ಕೊಟ್ಟು ಒಂದು ಅಂತಾರೆ. ಅವಳ ಲೆಕ್ಕದಲ್ಲಿ ಇವತ್ತಿಂದು ಎರಡೇ."

ಸಾಹೇಬರು ಗಡಿಯಾರ ನೋಡಿಕೊಂಡು, "ಆಮೇಲೆ ಮಾತಾಡೋಣ" ಎಂದು ಜೀಪು ಹತ್ತಿದರು. ಆ 'ಆಮೇಲೆ' ಇನ್ನೂ ಬಂದಿಲ್ಲ.

ಮರುದಿನ ನಾನೇ ಮೊಟ್ಟೆ ಬೇಯಿಸಿ ತಂದೆ. ಹುಡುಗಿಯ ಕೈಗೆ ದಾರ ಕೊಟ್ಟು ಸೀಳಿಸಿದೆ, ಎರಡನ್ನೂ ಜೋಡಿಸಿ ಹಿಡಿಸಿದೆ, ಬಿಡಿಸಿದೆ, ಮತ್ತೆ ಜೋಡಿಸಿದೆ. ಕೊನೆಗೆ ಅವಳೇ, "ಇವೆರಡೂ ಸೇರಿದ್ರೆ ಒಂದು" ಎಂದಳು. ಉಳಿದವರಿಗೂ ಹಾಗೆಯೇ ಕಲಿಸಿದೆ.

ಮುಂದಿನ ಸಲ ಮೊಟ್ಟೆ ಕೊಟ್ಟಾಗ ಮತ್ತೆ ಅರ್ಧವೇ. ಹುಡುಗಿ ತಿನ್ನದೆ ತಟ್ಟೆ ಹಿಡಿದು ನನ್ನ ಹತ್ತಿರ ಬಂದಳು.

"ಟೀಚರ್, ಇದು ಅರ್ಧ. ಇನ್ನರ್ಧ ಎಲ್ಲಿ?"

ಅವಳ ಕೈ ಹಿಡಿದು ಹೆಡ್‌ಮಾಸ್ಟರ ಕೋಣೆಗೆ ನಡೆದೆ. ಉಳಿದ ಮಕ್ಕಳೂ ತಟ್ಟೆ ಹಿಡಿದು ಹಿಂದೆ ಬಂದರು. ಬಾಗಿಲಲ್ಲಿ ನಿಂತು ಹೇಳಿದೆ: "ನನ್ನನ್ನ ಕೇಳಿದ್ಯಲ್ಲ, ಅದನ್ನೇ ಇವರನ್ನ ಕೇಳು. ಜೋರಾಗಿ ಕೇಳು."

ಅವಳು ಕೇಳಿದಳು.