ಮೂರು ಬಾಯಿ ಎಣ್ಣೆ

ಪುಂಜಾಲಕಟ್ಟೆಯಲ್ಲಿ ನನ್ನ ಫೋಟೋ ಸ್ಟುಡಿಯೋದ ಗೋಡೆಗೆ ತಾಗಿ ಒಂದು ಟೈಲರ್ ಅಂಗಡಿ. ಆ ಟೈಲರನ್ನು ಊರೆಲ್ಲ ಮಾಸ್ಟ್ರು ಎಂದೇ ಕರೆಯುವುದು. ಹೊಲಿಗೆಗಾಗಿ ಅಲ್ಲ, ಬೆಂಕಿಗಾಗಿ. ಕೃಷ್ಣಾಷ್ಟಮಿಯ ಮೊಸರುಕುಡಿಕೆಯ ಮೆರವಣಿಗೆಯಲ್ಲಿ ಕೋಲು ತಿರುಗಿಸಿ, ಕತ್ತಿ ಬೀಸಿ ಆಟ ತೋರಿಸುವ ತಾಲೀಮು ತಂಡದಲ್ಲಿ ಕೊನೆಗೆ ಬಾಯಿಯಿಂದ ಬೆಂಕಿ ಉಗುಳುವವರು ಅವರು. ನಲವತ್ತು ವರ್ಷ ಅದನ್ನೇ ಮಾಡಿದ್ದಾರೆ. ನನ್ನ ರವಿಕೆಯ ಅಳತೆಯನ್ನು ನೆಲ ನೋಡಿಕೊಂಡು ಬರೆದುಕೊಳ್ಳುವ ಮನುಷ್ಯ ಆಳೆತ್ತರದ ಬೆಂಕಿ ಉಗುಳುತ್ತಾರೆಂದರೆ ಹೊಸಬರು ನಂಬುವುದಿಲ್ಲ.

ಒಂದು ಶನಿವಾರ ಅವರು ಕೆನ್ನೆ ಹಿಡಿದುಕೊಂಡು ಸ್ಟುಡಿಯೋಗೆ ಬಂದರು.

"ಸೋಮವಾರ ಹಲ್ಲು ತೆಗೆಸ್ತೇನೆ. ಎದುರಿನದ್ದು ಎಲ್ಲ."

"ಒಳ್ಳೇದಾಯ್ತಲ್ಲ. ನೋವು ಹೋಗ್ತದೆ."

"ನೋವಿನ ಒಟ್ಟಿಗೆ ಬೆಂಕಿಯೂ ಹೋಗ್ತದೆ," ಎಂದರು.

ಎದುರಿನ ಹಲ್ಲಿಲ್ಲದ ಬಾಯಿಯಲ್ಲಿ ಎಣ್ಣೆ ತುಂತುರಾಗುವುದಿಲ್ಲವಂತೆ, ಗಂಜಿಯ ತಿಳಿಯ ಹಾಗೆ ಗಲ್ಲಕ್ಕೆ ಇಳಿಯುತ್ತದಂತೆ. ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿತ್ತು. ಆಟ ಬಿಟ್ಟವರ ಫೋಟೋವನ್ನು ತಾಲೀಮು ಮನೆಯ ಗೋಡೆಗೆ ಹಾಕುವ ಕ್ರಮ ಅವರಲ್ಲಿದೆ. ಆಟ ಆಡುತ್ತಿರುವ ಫೋಟೋವೇ ಆಗಬೇಕು, ಮುಖವೂ ಸರಿಯಾಗಿ ಕಾಣಬೇಕು. ಕೋಲಿನವರಿಗೆ, ಕತ್ತಿಯವರಿಗೆ ಇದು ಕಷ್ಟವಲ್ಲ. ಮಾಸ್ಟ್ರು ಒಂದು ಕಟ್ಟು ಹಳೆಯ ಫೋಟೋಗಳನ್ನು ನನ್ನ ಮೇಜಿನ ಮೇಲೆ ಹರಡಿದರು. ಎಲ್ಲದರಲ್ಲೂ ಕೆಳಗೆ ಲುಂಗಿ, ಮೇಲೆ ಬೆಂಕಿಯ ಉಂಡೆ.

"ಲುಂಗಿ ನನ್ನದೇ ಅಂತ ಹೇಳಬಹುದು," ಎಂದರು. "ಮೇಲಿದ್ದದ್ದು ಯಾರು ಅಂತ ದೇವರಿಗೇ ಗೊತ್ತು. ನಾಳೆ ಒಂದು ತೆಗೆದು ಕೊಡ್ತೀಯಾ ಮಗಳೇ? ಚಿಮಿಣಿ ಎಣ್ಣೆ ಸ್ವಲ್ಪವೇ ಉಂಟು. ಮೂರು ಬಾಯಿಗೆ ಸಾಕು."

ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ನಿಂತು ಎಷ್ಟು ಕಾಲವಾಯಿತೋ. ಆ ಕಾಲು ಬಾಟಲಿಯನ್ನು ಅವರು ತುಪ್ಪದ ಹಾಗೆ ಕಾದಿಟ್ಟಿದ್ದರು.

ಭಾನುವಾರ ಸಂಜೆ ನನ್ನ ವ್ಯಾನಿನಲ್ಲಿ ಮಿಜಾರಿನ ಹತ್ತಿರ ಪದವು ಎಂದು ಕರೆಯುವ ಬೋಳು ಗುಡ್ಡದ ಬಯಲಿಗೆ ಹೋದೆವು. ಮುರಕಲ್ಲಿನ ನೆಲ, ಹತ್ತಿಕೊಳ್ಳಲು ಒಂದು ಹುಲ್ಲುಕಡ್ಡಿಯೂ ಇಲ್ಲ. ಮಾಸ್ಟ್ರ ಹೆಂಡತಿಯೂ ಒದ್ದೆ ಗೋಣಿ, ಒಂದು ಕೊಡ ನೀರು ಹಿಡಿದುಕೊಂಡು ಬಂದಿದ್ದರು. ಮದುವೆಯಾದಂದಿನಿಂದ ಅವರು ಗಂಡನ ಆಟವನ್ನು ನೋಡಿದವರೇ ಅಲ್ಲ. ಮೆರವಣಿಗೆಯಲ್ಲಿ ಬೆಂಕಿಯ ಹೊತ್ತಾಯಿತೆಂದರೆ ಬಳೆ ಅಂಗಡಿಯ ಕಡೆಗೆ ತಿರುಗಿ ನಿಲ್ಲುತ್ತಿದ್ದರು.

"ಈಗಲೂ ನಾನು ನೋಡುದಿಲ್ಲ. ನಂದಿಸ್ಲಿಕ್ಕೆ ಮಾತ್ರ ಬಂದದ್ದು," ಎಂದು ನಮಗೆ ಬೆನ್ನು ಹಾಕಿ ನಿಂತರು.

ಮೊದಲ ಬಾಯಿ. ಸೂರ್ಯ ಅಂಚಿಗೆ ಬಂದಿದ್ದ. ಮಾಸ್ಟ್ರು ಉರಿಯುವ ದೊಂದಿ ಎತ್ತಿ ಅದಕ್ಕೆ ಎಣ್ಣೆ ಉಗುಳಿದರು. ಆ ಬಿಸಿ ನನ್ನ ಹಣೆಗೆ ಬಂದು ತಟ್ಟಿದಾಗ ನಾನು ಚಿಕ್ಕ ಮಗುವಿನ ಹಾಗೆ ಗೊಳ್ಳನೆ ನಕ್ಕೆ. ಕ್ಯಾಮೆರಾದಲ್ಲಿ ನೋಡಿದರೆ ಕೆಳಗೆ ಲುಂಗಿ, ಮೇಲೆ ಉಂಡೆ.

"ಎರಡು ಉಳೀತು," ಎಂದರು ಮಾಸ್ಟ್ರು.

ಎರಡನೆಯದಕ್ಕೆ ನಾನು ಪಕ್ಕಕ್ಕೆ ಸರಿದೆ. ಅವರು ಬಾಯಿ ತುಂಬಿಸಿಕೊಂಡರು, ಕೆನ್ನೆ ಉಬ್ಬಿತು, ಕಣ್ಣು ಹೊಳೆಯಿತು. ಹಾಳಾದ ನನ್ನ ನಾಲಿಗೆ. ಮದುವೆ ಮಂಟಪದಲ್ಲಿ ಸಾವಿರ ಸಲ ಹೇಳಿದ್ದನ್ನು ಅದು ತಾನಾಗಿಯೇ ಹೇಳಿಬಿಟ್ಟಿತು: "ಹಾಂ, ಇಲ್ಲಿ ನೋಡಿ, ಸ್ವಲ್ಪ ನಗಿ."

ಅವರು ನಕ್ಕರು. ಎಣ್ಣೆ ಗಲ್ಲಕ್ಕೆ, ಎದೆಗೆ, ಲುಂಗಿಗೆ. ದೊಂದಿಯನ್ನು ದೂರ ಎಸೆದು ಕೆಮ್ಮಿದರು, ಕೆಮ್ಮುತ್ತಲೇ ನಕ್ಕರು. ಹೆಂಡತಿ ತಿರುಗಿ ನೋಡಿ ಇಡೀ ಕೊಡವನ್ನು ಅವರ ತಲೆಗೆ ಸುರಿದರು.

"ಬೆಂಕಿ ಹಿಡೀಲಿಲ್ಲ ಮಾರಾಯ್ತಿ," ಎಂದರು ಮಾಸ್ಟ್ರು, ನೀರಿಳಿಸುತ್ತ.

"ಹಿಡಿಯುವ ಮೊದಲೇ ನಂದಿಸಿದ್ದು," ಎಂದು ಹೆಂಡತಿ ನನ್ನ ಕಡೆಗೆ ತಿರುಗಿದರು. "ನೀನು ಎಂತ ಮಾರಾಯ್ತಿ, ಎಣ್ಣೆ ಬಾಯಿಯವರಿಗೆ ನಗಿ ಹೇಳುದಾ?"

ಕೊನೆಯ ಬಾಯಿಯೂ ನನ್ನ ಮದುವೆ ಫೋಟೋ ಬುದ್ಧಿಯಿಂದ ಹಾಳಾಗಬಾರದೆಂದು ನಾನು ತುಟಿ ಕಚ್ಚಿಕೊಂಡೆ. ಎಣ್ಣೆಯಾದ ಲುಂಗಿಯಲ್ಲಿ ಬೆಂಕಿಯ ಹತ್ತಿರ ಹೋಗುವಂತಿಲ್ಲ. ಎಣ್ಣೆ ಹೋಗುವ ತನಕ ಮಾಸ್ಟ್ರು ಮೈ ಉಜ್ಜಿ ಒರೆಸಿಕೊಂಡರು. ಉಡಲಿಕ್ಕೆ ಬೇರೆ ಇರಲಿಲ್ಲ. ವ್ಯಾನಿನಲ್ಲಿ ಪಾಸ್‌ಪೋರ್ಟ್ ಫೋಟೋದ ಹಿಂದೆ ಕಟ್ಟುವ ನೀಲಿ ಬಟ್ಟೆ ಇತ್ತು. ಅದನ್ನೇ ಕೊಟ್ಟೆ. ಸುತ್ತಿಕೊಂಡು ಅಂಚು ಎತ್ತಿ ನೋಡಿದರು.

"ಇದನ್ನು ಯಾರು ಹೊಲಿದದ್ದು? ಎಷ್ಟು ಸೊಟ್ಟ."

"ನೀವೇ."

ಹೆಂಡತಿ ಈಗ ಬೆನ್ನು ಹಾಕಲಿಲ್ಲ. "ಇನ್ನು ನಿಮ್ಮಿಬ್ಬರನ್ನೂ ನಂಬಿದ್ರೆ ಆಗ್ಲಿಕ್ಕಿಲ್ಲ. ನಾನು ಇಲ್ಲಿಯೇ ನಿಲ್ತೇನೆ, ಕಣ್ಣು ಬಿಟ್ಟುಕೊಂಡು," ಎಂದು ಗೋಣಿ ಹಿಡಿದು ಅವರ ಭುಜದ ಹಿಂದೆಯೇ ನಿಂತರು. ಎಸೆದ ದೊಂದಿ ಮತ್ತೆ ಮಾಸ್ಟ್ರ ಕೈಗೆ ಬಂತು, ಬಾಟಲಿ ಬೋರಲಾಯಿತು. ಗಾಳಿ ಅವರ ಬೆನ್ನ ಹಿಂದಿನಿಂದ ಬರುತ್ತಿತ್ತು. ನಾನು ಇನ್ನೂ ಪಕ್ಕಕ್ಕೆ ಹೋಗಿ ಮೊಣಕಾಲೂರಿದೆ. ಭುಸ್ಸೆಂದು ಬೆಂಕಿ ಪದವಿನ ಮೇಲೆ ಚಾಚಿಕೊಂಡಿತು. ಅದು ಆರುವವರೆಗೂ ನನ್ನ ಬೆರಳು ಕ್ಯಾಮೆರಾದ ಗುಂಡಿ ಬಿಡಲಿಲ್ಲ.

ಮೊದಲು ಬಾಯಿ ಬಿಟ್ಟವರು ಹೆಂಡತಿ. "ಇಷ್ಟು ದೊಡ್ಡ ಬೆಂಕಿಯಾ? ಇಷ್ಟು ವರ್ಷ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?"

ಮಾಸ್ಟ್ರು ಗಲ್ಲ ಒರೆಸಿಕೊಂಡು, ನಾಚಿಕೊಂಡು, ನನ್ನ ಕ್ಯಾಮೆರಾದ ಕಡೆಗೆ ಬಂದರು. ಮುಖ ಸಿಕ್ಕಿತ್ತು. ಮೂಗು, ಮೀಸೆ, ಉಬ್ಬಿದ ಕೆನ್ನೆ, ಎಲ್ಲ ಅವರದೇ ಬೆಂಕಿಯ ಬೆಳಕಿನಲ್ಲಿ ಕೆಂಪಾಗಿ. ಅವರ ಭುಜದ ಹಿಂದೆ ಇನ್ನೊಂದು ಮುಖ: ಕಣ್ಣು ದುಂಡಗೆ, ಬಾಯಿ ದುಂಡಗೆ, ತಾನೂ ಉಗುಳುತ್ತಿದ್ದೇನೆ ಎಂಬ ಹಾಗೆ. ನಾವು ಮೂವರೂ ಆ ಪುಟ್ಟ ಪರದೆಗೆ ತಲೆ ತಾಗಿಸಿಕೊಂಡು ಹೊಟ್ಟೆ ಹಿಡಿದು ನಕ್ಕೆವು.

ಹದಿನೈದು ದಿನ ಕಳೆದು ಫೋಟೋವನ್ನು ತಾಲೀಮು ಮನೆಗೆ ಕೊಂಡುಹೋದೆ. ಆ ಗೋಡೆಯಲ್ಲಿ ಇದ್ದದ್ದೆಲ್ಲ ಮೀಸೆಯವರೇ. ತಂಡದ ಹಿರಿಯರೊಬ್ಬರು ಕನ್ನಡಕ ಏರಿಸಿ ನೋಡಿ, "ಪಷ್ಟ್ ಕ್ಲಾಸಾಗಿ ಬಂದಿದೆ. ಹಿಂದಿನ ಅಕ್ಕನನ್ನು ಸ್ವಲ್ಪ ಕಟ್ ಮಾಡುವ," ಎಂದರು.

ಮಾಸ್ಟ್ರು ಬೋಳು ವಸಡಿಗೆ ಕೈ ಅಡ್ಡ ಹಿಡಿದುಕೊಂಡೇ ಮುಂದೆ ಬಂದರು.

"ಕತ್ತರಿಸುದಾದ್ರೆ ಕೆಳಗಿಂದ ಕತ್ತರಿಸಿ. ಆ ನೀಲಿ ಬಟ್ಟೆಯ ಹೊಲಿಗೆ ಕಾಣುದು ಬೇಡ. ಅವಳು ಇರ್ಲಿ."