ಹಿಡಿದ ಓಣಿಗೇ ಬಿಟ್ಟರು

ಇದನ್ನು ಹೇಳುವುದನ್ನು ಎಷ್ಟೋ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಇವತ್ತು ಕುಷ್ಟಗಿಯಿಂದ ಗಂಗಾವತಿಗೆ ಬಂದಿಳಿದು, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಚಹಾ ಕುಡಿಯುತ್ತಿದ್ದಾಗ ನಗರಸಭೆಯ ನಾಯಿ ಗಾಡಿ ಬಂದು ನಿಂತಿತು. ಹಿಡಿಯಲು ಬಂದಿದ್ದಾರೆ ಎಂದುಕೊಂಡೆ. ಆದರೆ ಕೆಲಸಗಾರ ಪಂಜರಕ್ಕೆ ಕಟ್ಟಿದ್ದ ಚೀಟಿ ಓದಿ, ಕಂದು ನಾಯಿಯೊಂದನ್ನು ಕೆಳಗೆ ಬಿಟ್ಟ. ಅದರ ಕಿವಿಯ ತುದಿ ಕತ್ತರಿಸಿದ್ದರು.

“ಮರಿ ಆಗದಂಗ ಆಪರೇಷನ್ ಆಗೇತ್ರಿ ಅಜ್ಜಾರ, ಕಿವಿ ಕತ್ತರಿಸಿದ್ದು ಅದರ ಗುರ್ತು. ಎಲ್ಲಿ ಹಿಡಿದಿರ್ತೀವಿ, ಅಲ್ಲೇ ಬಿಡಬೇಕು. ಚೀಟ್ಯಾಗ ಓಣಿ ಹೆಸರು ಬರೆದಿರ್ತೈತಿ,” ಎಂದ.

“ನಾಯಿಗೂ ವಿಳಾಸ ಐತಲ್ಲಪಾ! ನನ್ನ ಅಂಗಡಿಗೇ ಇಲ್ಲ,” ಎಂದು ಚಹಾದವನು ನಕ್ಕ.

ನನಗೆ ನಗು ಬರಲಿಲ್ಲ. ಹಿಂದೆ ನಮ್ಮ ಊರಿನಲ್ಲಿ ಹಿಡಿದೊಯ್ದ ನಾಯಿ ತಿರುಗಿ ಬರುತ್ತಿರಲಿಲ್ಲ. ಕೊರಳಲ್ಲಿ ಪಟ್ಟಿ ಇದ್ದರೆ ಮಾತ್ರ ಮುಟ್ಟುತ್ತಿರಲಿಲ್ಲ. ಹೊಲಿಗೆ ಮಾಡುತ್ತಿದ್ದ ಪಕ್ಕದ ಮನೆಯಾಕೆ ಉಳಿದ ಬಟ್ಟೆಯ ತುಂಡುಗಳನ್ನು ಜೋಡಿಸಿ ತನ್ನ ನಾಯಿಗೊಂದು ಪಟ್ಟಿ ಹೊಲಿದಿದ್ದಳು. ಅದು ಬೊಗಳುವುದು ನನಗೆ ಸಾಕಾಗಿತ್ತು. ಗಾಡಿ ಬರುವ ದಿನ ಬೆಳಿಗ್ಗೆ ರೊಟ್ಟಿ ತೋರಿಸಿ ಕರೆದು, ಪಟ್ಟಿ ಬಿಚ್ಚಿಕೊಂಡೆ.

“ನಮ್ಮ ಮೋತಿನ್ನ ನೋಡಿದ್ರೇನ್ರಿ ಅಣ್ಣಾ?” ಎಂದು ಆಕೆ ಸಂಜೆ ಕೇಳಿದಳು.

“ಇಲ್ಲವ್ವಾ,” ಎಂದೆ. ಪಟ್ಟಿ ನನ್ನ ಜೇಬಿನಲ್ಲೇ ಇತ್ತು.

ಇಷ್ಟನ್ನೂ ಆ ಕೆಲಸಗಾರನಿಗೆ ಹೇಳಿಬಿಟ್ಟೆ. ಅವನು ಬಯ್ಯಲಿಲ್ಲ.

“ಆಮ್ಯಾಲಾದ್ರೂ ಆಕಿಗೆ ಹೇಳಿದ್ರೇನ್ರಿ?”

“ಇಲ್ಲಪಾ. ಆಕಿ ಈಗ ಇಲ್ಲ.”

ಕಂದು ನಾಯಿ ಆಗಲೇ ಗಿರಣಿಯ ಮೆಟ್ಟಿಲ ಕೆಳಗೆ ಹೋಗಿ ಮಲಗಿತ್ತು. ಅವನು ಖಾಲಿ ಪಂಜರದ ಬಾಗಿಲು ಹಾಕುತ್ತ, “ಆ ಮೋತಿ ಯಾರ ನಾಯಿ ಅಂದ್ರಿ?” ಎಂದ.

“ಹೊಲಿಗಿ ಹುಸೇನಬೀದು,” ಎಂದೆ.